ಸ್ಕೌಟ್ ಬಾಲಕರ ಚಿತ್ರಕಾರ ನಾರ್ಮನ್ ರಾಕ್‌ವೆಲ್

ಈ ಶಾಲೆಯಲ್ಲಿ ಚಿತ್ರಕಲೆ ಕಲಿಸುವುದರ ಜೊತೆಗೆ ಸ್ಕೌಟ್ ದಳವನ್ನೂ ಹಲವು ವರ್ಷ ನೋಡಿಕೊಂಡವನು ನಾನು. ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕುಂಚವನ್ನೂ ಸ್ಕೌಟಿಂಗನ್ನೂ ಬೆಸೆದ ಅಮೆರಿಕದ ನಾರ್ಮನ್ ರಾಕ್‌ವೆಲ್ ಅವರ ಬದುಕನ್ನೇ ಆರಿಸಿಕೊಂಡೆ.

ರಾಕ್‌ವೆಲ್ ಹುಟ್ಟಿದ್ದು 1894ರ ಫೆಬ್ರವರಿ 3ರಂದು, ನ್ಯೂಯಾರ್ಕ್ ನಗರದಲ್ಲಿ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಚಿತ್ರಕಲಾ ಶಾಲೆ ಸೇರಿದರು. 1913ರಲ್ಲಿ, ಇನ್ನೂ 19 ವರ್ಷದವರಿದ್ದಾಗಲೇ, ಅಲ್ಲಿನ ಸ್ಕೌಟ್ ಸಂಸ್ಥೆಯ ‘ಬಾಯ್ಸ್ ಲೈಫ್’ ಮಾಸಪತ್ರಿಕೆಯ ಕಲಾ ಸಂಪಾದಕರಾದರು. ತಿಂಗಳಿಗೊಂದು ಮುಖಪುಟ, ಕಥೆಗಳಿಗೆ ಚಿತ್ರಗಳು. ಇಷ್ಟಕ್ಕೆ 50 ಡಾಲರ್ ಸಂಬಳ. 1916ರಿಂದ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯ ಮುಖಪುಟಗಳಿಂದ ಮನೆಮಾತಾದರು. ಆದರೂ ಸ್ಕೌಟರ ನಂಟು ಬಿಡಲಿಲ್ಲ. 1925ರಿಂದ 1976ರವರೆಗೆ, ಎರಡು ವರ್ಷ ಬಿಟ್ಟರೆ, ಪ್ರತಿ ವರ್ಷದ ಸ್ಕೌಟ್ ಕ್ಯಾಲೆಂಡರಿಗೂ ಅವರದೇ ಚಿತ್ರ.

ಅವರ ಹಿರಿಮೆ ತಿಳಿಯಬೇಕಾದರೆ ಇನ್ನಿಬ್ಬರನ್ನು ಪಕ್ಕದಲ್ಲಿಟ್ಟು ನೋಡಬೇಕು. ಇಂಗ್ಲೆಂಡಿನ ಅರ್ನೆಸ್ಟ್ ಕಾರ್ಲೋಸ್ ಸ್ವತಃ ಸ್ಕೌಟ್ ಮಾಸ್ಟರ್. ಅವರ ‘ಪಾತ್‌ಫೈಂಡರ್’ ಚಿತ್ರದಲ್ಲಿ ನಕ್ಷೆ ನೋಡುತ್ತಿರುವ ಹುಡುಗನ ಹಿಂದೆ ಯೇಸುಕ್ರಿಸ್ತ ನಿಂತಿದ್ದಾನೆ. ಅಲ್ಲಿ ಸ್ಕೌಟ್ ಎಂದರೆ ಒಂದು ವ್ರತ. ಕಾರ್ಲೋಸ್ 1917ರಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದರು. ರಾಕ್‌ವೆಲ್ ಅವರ ಸ್ಕೌಟ್ ಹಾಗಲ್ಲ, ಪಕ್ಕದ ಮನೆಯ ಹುಡುಗ. ಊರಿನ ನೆರೆಹೊರೆಯವರನ್ನೇ ನಿಲ್ಲಿಸಿ ಬರೆಯುತ್ತಿದ್ದರು. ಬಿರುಗಾಳಿ ಮಳೆಯಲ್ಲಿ ಪುಟ್ಟ ಹುಡುಗಿಯನ್ನು ಎತ್ತಿಕೊಂಡು ಬರುವ ಸ್ಕೌಟ್‌ನ ಚಿತ್ರ 1941ರ ಕ್ಯಾಲೆಂಡರಿನಲ್ಲಿದೆ. ಸೇವೆ ಎಂದರೇನೆಂದು ನೂರು ಮಾತಿನಲ್ಲಿ ಹೇಳುವುದನ್ನು ಅದೊಂದೇ ಹೇಳುತ್ತದೆ. ಮೂರನೆಯವರು ಜೋಸೆಫ್ ಚಟಾರಿ. ಬಾಲ್ಯದಲ್ಲಿ ರಾಕ್‌ವೆಲ್ ಮುಖಪುಟಗಳನ್ನು ನೋಡಿ ನೋಡಿ ಬರೆದು ಕೈ ಪಳಗಿಸಿಕೊಂಡವರು. ಮುಂದೆ ವೃದ್ಧ ಗುರುವಿಗೆ ನೆರವಾಗಿ, 1977ರಿಂದ ಕ್ಯಾಲೆಂಡರಿನ ಕೆಲಸ ವಹಿಸಿಕೊಂಡರು. ಅವರ ಗೆರೆಯಲ್ಲಿ ಗುರುವಿನ ನೆರಳು ದಟ್ಟವಾಗಿದೆ. ಮುಖಭಾವದ ತುಂಟತನ ಮಾತ್ರ ರಾಕ್‌ವೆಲ್ ಅವರದೇ ಎಂಬುದು ನನ್ನ ಅನಿಸಿಕೆ.

ರಾಕ್‌ವೆಲ್ ಬದುಕು ಬರೀ ಹೂವಿನ ಹಾದಿಯಲ್ಲ. 1943ರಲ್ಲಿ ಅವರ ಚಿತ್ರಶಾಲೆ ಸುಟ್ಟು, ಎಷ್ಟೋ ಚಿತ್ರಗಳು ಬೂದಿಯಾದವು. ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆಯದೇ ಸಂಗತಿ. ‘ಪೋಸ್ಟ್’ ಪತ್ರಿಕೆಯಲ್ಲಿ ಕಪ್ಪು ಜನರನ್ನು ಸೇವಕರಾಗಿ ಮಾತ್ರ ತೋರಿಸಬೇಕೆಂಬ ಕಟ್ಟಳೆಯಿತ್ತು. ಅದರೊಳಗೇ ಅವರು ದಶಕಗಟ್ಟಲೆ ದುಡಿದರು. 1963ರಲ್ಲಿ ಆ ಪತ್ರಿಕೆ ಬಿಟ್ಟು, ಮರುವರ್ಷ ‘ಲುಕ್’ ಪತ್ರಿಕೆಗೆ ಬರೆದ ಚಿತ್ರದಲ್ಲಿ ಕಪ್ಪು ಬಾಲೆಯೊಬ್ಬಳು ಪುಸ್ತಕ ಹಿಡಿದು ನೆಟ್ಟಗೆ ನಡೆಯುತ್ತಾಳೆ. 1960ರಲ್ಲಿ ಬಿಳಿಯರ ಶಾಲೆಗೆ ಸೇರಲು ಹೋದ 6 ವರ್ಷದ ರೂಬಿ ಬ್ರಿಡ್ಜಸ್ ಆಕೆ. ಹಿಂದೆ ಮುಂದೆ ನಾಲ್ವರು ಕಾವಲು ಅಧಿಕಾರಿಗಳು. ಹಿಂದಿನ ಗೋಡೆಯ ಮೇಲೆ ಬೈಗುಳ, ಎಸೆದ ಟೊಮೆಟೊ ಕಲೆ. ಎಪ್ಪತ್ತರ ಅಂಚಿನಲ್ಲಿದ್ದ ಕಲಾವಿದ ಮೆಚ್ಚಿಕೊಂಡಿದ್ದ ಓದುಗರ ಕೋಪಕ್ಕೂ ಹೆದರದೆ ಇದನ್ನು ಬರೆದರು. 1978ರ ನವೆಂಬರ್ 8ರಂದು ತೀರಿಕೊಂಡರು.

ಸುಮಾರು 50 ಕ್ಯಾಲೆಂಡರುಗಳ ಆ ಕಲಾವಿದನನ್ನು 50 ತುಂಬಿದ ನಮ್ಮ ಶಾಲೆ ನೆನೆಯುವುದು ಸೂಕ್ತವೇ. ಶಾಲೆಯ ಗೋಡೆಗೆ ಚಿತ್ರ ಬರೆಯುವ ಮಕ್ಕಳಿಗೆ ನನ್ನದೊಂದು ಕಿವಿಮಾತು: ಬಣ್ಣ ಹಚ್ಚುವ ಮುನ್ನ, ಊರಿನ ಯಾವ ಕೇರಿಯ ಮಗು ಚಿತ್ರದಿಂದ ಬಿಟ್ಟುಹೋಗಿದೆ ಎಂದು ನೋಡಿ. ಆ ಮಗುವನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸಿ.