ಅಂಕಿಗಳಲ್ಲಿ ಹಾರ ಪೋಣಿಸಿದ ಮಹಾವೀರಾಚಾರ್ಯರು

ಮಲ್ಲಟ, ಮಾನ್ವಿ, ದೇವದುರ್ಗಗಳ ಸೀಮೆಯಿಂದ ಕೃಷ್ಣೆ, ಭೀಮೆಯರನ್ನು ದಾಟಿ ಉತ್ತರಕ್ಕೆ ಸಾಗಿದರೆ ಕಾಗಿಣಾ ನದಿಯ ದಂಡೆಯ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಈ ಊರು. ಇಲ್ಲಿಂದ ರಾಜ್ಯವಾಳಿದ ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ ‘ಕವಿರಾಜಮಾರ್ಗ’ ನೆನಪಾಗುತ್ತದೆ. ಅದೇ ಕಾಲದಲ್ಲಿ ಮೂಡಿದ ‘ಗಣಿತಸಾರಸಂಗ್ರಹ’ ಹಾಗೂ ಅದರ ಕರ್ತೃ ಮಹಾವೀರಾಚಾರ್ಯರು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಈ ಜೈನ ಆಚಾರ್ಯರು ತಮ್ಮ ಹುಟ್ಟೂರನ್ನಾಗಲಿ ವಂಶವನ್ನಾಗಲಿ ಗ್ರಂಥದಲ್ಲಿ ಹೇಳಿಕೊಂಡಿಲ್ಲ. ಆರಂಭದಲ್ಲಿ ಅಮೋಘವರ್ಷನನ್ನು ಸ್ತುತಿಸಿರುವುದರಿಂದ, ಕ್ರಿ.ಶ. 850ರ ಸುಮಾರಿಗೆ ಆತನ ಆಶ್ರಯದಲ್ಲಿದ್ದರೆಂದು ವಿದ್ವಾಂಸರು ತಿಳಿಯುತ್ತಾರೆ. ಅವರ ಬಾಳಿನ ಕುರುಹಾಗಿ ಉಳಿದಿರುವುದು ಆ ಗ್ರಂಥವೇ.

ಅಂದು ಗಣಿತವು ಬಹುಮಟ್ಟಿಗೆ ಜ್ಯೋತಿಷದ ಪರಿಚಾರಿಕೆ. ಆಚಾರ್ಯರು ಅದನ್ನು ಬಿಡಿಸಿ ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದರು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಲೆಕ್ಕವನ್ನು ಕಲಿಸುತ್ತಲೇ ಸಂಖ್ಯೆಯ ಚೆಲುವನ್ನೂ ತೋರಿದರು.

ಅವರು ಕೊಟ್ಟ ಒಂದು ಗುಣಾಕಾರವನ್ನು ನೋಡಿ: 2,79,94,681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದು ಆಕಸ್ಮಿಕವಲ್ಲ. 441 ಎಂಬುದು 21ರ ವರ್ಗ, ಇನ್ನೊಂದು 5,291ರ ವರ್ಗ. 21 ಮತ್ತು 5,291ರ ಗುಣಲಬ್ಧ 111111. ಆದ್ದರಿಂದ ಆ ದೊಡ್ಡ ಸಂಖ್ಯೆಯು ಆರು ಒಂದುಗಳ ವರ್ಗ. ಗುಣಿಸುವಾಗ ಯಾವ ಸ್ಥಾನದಲ್ಲೂ ಮೊತ್ತ ಹತ್ತನ್ನು ಮುಟ್ಟದ ಕಾರಣ ಏರಿಳಿತ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತಾದರೆ ಸೊಗಸು ಮುರಿಯುತ್ತದೆ. 1,52,207ನ್ನು 73ರಿಂದ ಗುಣಿಸಿದಾಗ ಎಂಟು ಒಂದುಗಳು ಸಾಲುಗಟ್ಟುವುದೂ ಅವರದೇ ಉದಾಹರಣೆ. ಇಂತಹ ಕೆಲವನ್ನು ಅವರು ಅರಸನ ಕೊರಳಿಗೆ ತಕ್ಕ ಹಾರವೆಂದು ಬಣ್ಣಿಸಿದ್ದಾರೆ.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದದ್ದು ಮಾತ್ರ ತಪ್ಪು. ಆ ತಪ್ಪಿನಿಂದ ಅವರ ಹಿರಿಮೆ ಕುಂದುವುದಿಲ್ಲ.

ಪಾವುಲೂರಿ ಮಲ್ಲನ ಈ ಗ್ರಂಥವನ್ನು 11ನೇ ಶತಮಾನದಲ್ಲಿ ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಹೊಂಬುಜ ಜೈನ ಮಠವು 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಹೊರತಂದಿತು. ಕನ್ನಡ ನೆಲದಲ್ಲಿ ಅರಳಿದ ಗಣಿತ ಕನ್ನಡದಲ್ಲೇ ಓದಲು ಸಿಗುವಂತಾಗಿದೆ. ಅದು ಶಾಲೆಯ ಮಕ್ಕಳ ಕೈಗೂ ತಲುಪಬೇಕು.