ಡಾಕ್ಟರ್ ಮರಿಯಾ ಮಾಂಟೆಸರಿಯವರು

ಒಂದೇ ತರಗತಿಯಲ್ಲಿ ಕುಳಿತ ಮಕ್ಕಳೆಲ್ಲರೂ ಒಂದೇ ವೇಗದಲ್ಲಿ ಕಲಿಯಲಾರರೆಂಬುದನ್ನು ತಾಯಂದಿರೂ ಉಪಾಧ್ಯಾಯಿನಿಯರೂ ಬಲ್ಲರು. ಆದರೂ ಒಂದೇ ಪಾಠವನ್ನು ಒಂದೇ ಗಳಿಗೆಯಲ್ಲಿ ಎಲ್ಲರಿಗೂ ಹೇಳಿ, ಹಿಂದುಳಿದವಳನ್ನು ದಡ್ಡಿಯೆಂದು ಕರೆಯುವ ರೂಢಿ ಬಹುಕಾಲದಿಂದ ಬಂದಿದೆ. ಈ ರೂಢಿಯನ್ನು ಮುರಿದ ಮಹನೀಯೆಯೊಬ್ಬರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಮರಿಯಾ ಮಾಂಟೆಸರಿಯವರು 1870ನೆಯ ಇಸವಿ ಆಗಸ್ಟ್ 31ರಂದು ಇಟಲಿ ದೇಶದ ಕಿಯಾರವಲ್ಲೆ ಎಂಬ ಊರಿನಲ್ಲಿ ಜನಿಸಿದರು. ಸ್ತ್ರೀಯರು ವೈದ್ಯವಿದ್ಯೆಯನ್ನು ಕಲಿಯುವುದು ಅಪೂರ್ವವಾಗಿದ್ದ ಆ ದಿನಗಳಲ್ಲಿ ರೋಮ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಗಂಡಸರೊಡನೆ ಶವಚ್ಛೇದನ ಮಾಡಲು ಅನುಮತಿಯಿರಲಿಲ್ಲವಾದುದರಿಂದ, ಎಲ್ಲರೂ ಹೊರಟುಹೋದ ಬಳಿಕ ಒಬ್ಬರೇ ನಿಂತು ಆ ಅಭ್ಯಾಸವನ್ನು ಮಾಡಿದರು. 1896ರಲ್ಲಿ ಡಾಕ್ಟರರಾದರು.

ವೃತ್ತಿಯ ಮೊದಲಲ್ಲಿಯೇ, ಮಂದಬುದ್ಧಿಯವರೆಂದು ಎಣಿಸಲ್ಪಟ್ಟ ಮಕ್ಕಳನ್ನು ಹುಚ್ಚರ ಸಂಗಡ ಕೂಡಿಹಾಕಿದ್ದುದನ್ನು ಕಂಡು ಮರುಗಿದರು. ಇವರಿಗೆ ಔಷಧಕ್ಕಿಂತಲೂ ತಕ್ಕ ಶಿಕ್ಷಣವೇ ಬೇಕೆಂದು ನಿಶ್ಚಯಿಸಿ, ಕೈಯಿಂದ ಮುಟ್ಟಿ ಕಲಿಯುವ ಸಾಧನಗಳಿಂದ ಕಲಿಸಿದರು. ಅವರಲ್ಲಿ ಕೆಲವರು ಸಾಧಾರಣ ಶಾಲೆಯ ಮಕ್ಕಳ ಪರೀಕ್ಷೆಯಲ್ಲಿಯೇ ತೇರ್ಗಡೆಯಾದರು. ಜನರು ಹೊಗಳಿದರು, ಮಾಂಟೆಸರಿಯವರಿಗಾದರೋ ಚಿಂತೆ ಹತ್ತಿತು. ಇವರೇ ಇಷ್ಟು ಕಲಿತರೆ, ಆರೋಗ್ಯವಂತ ಮಕ್ಕಳು ಇದೇ ಮಟ್ಟದಲ್ಲಿ ನಿಂತಿರುವುದೇಕೆ?

ಈ ನಡುವೆ 1898ರಲ್ಲಿ ಅವರಿಗೆ ಮಾರಿಯೊ ಎಂಬ ಮಗನು ಹುಟ್ಟಿದನು. ವಿವಾಹವಾಗಿರಲಿಲ್ಲವಾಗಿ ಲೋಕನಿಂದೆಗೆ ಅಂಜಿ ಮಗುವನ್ನು ಹಳ್ಳಿಯ ಕುಟುಂಬವೊಂದಕ್ಕೆ ಒಪ್ಪಿಸಬೇಕಾಯಿತು. ಪರರ ಮಕ್ಕಳನ್ನು ದಿನವೆಲ್ಲಾ ನೋಡಿಕೊಂಡ ಈ ತಾಯಿ ತಮ್ಮ ಮಗನ ಬಾಲ್ಯವನ್ನು ದೂರದಿಂದಲೇ ನೋಡಿದರು.

1907ನೆಯ ಜನವರಿ 6ರಂದು, ಮೂಡಣ ದೇಶದ ಜೋಯಿಸರು ಶಿಶುವಾದ ಯೇಸುವನ್ನು ದರ್ಶಿಸಿದುದನ್ನು ಸ್ಮರಿಸುವ ಹಬ್ಬದ ದಿನ, ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆಯು ತೆರೆಯಿತು. ಬೇರೆ ಬೇರೆ ವಯಸ್ಸಿನ ಸುಮಾರು 50 ಮಕ್ಕಳು ಅಲ್ಲಿ ಒಂದೇ ಕೋಣೆಯಲ್ಲಿ ಕಲಿತರು. ಒಬ್ಬಳು ಮರಳುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವಳು. ಮತ್ತೊಬ್ಬನು ಮರದ ಗುಂಡುಕಡ್ಡಿಗಳನ್ನು ಅವುಗಳ ಕುಳಿಗಳಲ್ಲಿ ಇಡುವನು. ತಪ್ಪಿದರೆ ಕಡೆಯದು ಕುಳಿಗೆ ಹೊಂದದು. ಬೈಯುವವರಿಲ್ಲದೆಯೇ ಮಗುವು ತನ್ನನ್ನು ತಿದ್ದಿಕೊಳ್ಳುವುದು. ಪ್ರತಿ ಮಗುವನ್ನೂ ಗಮನಿಸಿ, ಅದಕ್ಕೆ ಬೇಕಾದ ಪಾಠವನ್ನು ಬೇಕಾದ ಹೊತ್ತಿನಲ್ಲಿ ಕೊಡುವುದೇ ಉಪಾಧ್ಯಾಯಿನಿಯ ಕೆಲಸವಾಗಿತ್ತು.

1939ರಲ್ಲಿ ಅವರು ಮಗನೊಡನೆ ಮದರಾಸಿನ ಅಡ್ಯಾರಿಗೆ ಬಂದು ಉಪಾಧ್ಯಾಯರಿಗೆ ತರಬೇತಿಯನ್ನು ಕೊಡತೊಡಗಿದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿಯಲು, ಸರಕಾರವು ಮಾರಿಯೊ ಅವರನ್ನು ಶತ್ರುದೇಶದವರೆಂದು ಸೆರೆಯಲ್ಲಿಟ್ಟಿತು. ತಾಯಿಯ 70ನೆಯ ಹುಟ್ಟುಹಬ್ಬದ ಕಾಣಿಕೆಯಾಗಿ ಅವರ ಬಿಡುಗಡೆಯಾಯಿತು. ಬಾಲ್ಯದಲ್ಲಿ ಅಗಲಿದ್ದ ಮಗನೇ ಕಡೆಯವರೆಗೆ ಅವರ ಬಲಗೈಯಾಗಿದ್ದನು. 1952ನೆಯ ಮೇ 6ರಂದು ಹಾಲೆಂಡಿನಲ್ಲಿ ಅವರು ದೈವಾಧೀನರಾದರು.

ಈಗ ಮಾಂಟೆಸರಿಯೆಂಬ ಹೆಸರು ನಮ್ಮ ಊರುಗಳ ಎಷ್ಟೋ ಶಿಶುವಿಹಾರಗಳ ಫಲಕಗಳಲ್ಲಿದೆ. ಹೆಸರಿದ್ದರೆ ಸಾಲದು. ಬಡವರ ಕೇರಿಯಲ್ಲಿ ಹುಟ್ಟಿದ ಈ ಪದ್ಧತಿಗೆ ಮೊದಲು ಬೇಕಾದುದು ಹಣವಲ್ಲ, ಮಗುವನ್ನು ತಾಳ್ಮೆಯಿಂದ ನೋಡುವ ಕಣ್ಣು. ನಮ್ಮ ಶಾಲೆಯಿಂದ ಹೊರಟು ತಾಯಂದಿರೂ ಉಪಾಧ್ಯಾಯಿನಿಯರೂ ಆದ ಸೋದರಿಯರು, ಯಾವ ಮಗುವನ್ನಾದರೂ ದಡ್ಡನೆನ್ನುವ ಮುನ್ನ ಅದನ್ನು ಇನ್ನೊಮ್ಮೆ ನೋಡಲೆಂದು ನಾವು ಬೇಡುತ್ತೇವೆ.