ಬಂಡಿಕಾರ ಕಾವಸಜಿ

ಸಿಟ್ಟಿನಲ್ಲಿ ಕೊಯ್ದ ಮೂಗು ಸಿಟ್ಟು ಇಳಿದ ಮೇಲೆ ಮರಳಿ ಬಾರದೆಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಮೂಗು ಉಸಿರಾಟದ ಅಂಗ ಮಾತ್ರವಲ್ಲ. ಅದು ಮಾನದ ಗುರುತು. ಶೂರ್ಪಣಖಿಯ ಕಥೆಯನ್ನು ಕೇಳಿದವರಿಗೆಲ್ಲ ಇದು ತಿಳಿದ ವಿಷಯ. ಆದರೆ ಕಳೆದುಹೋದ ಮೂಗನ್ನು ಮರಳಿ ಪಡೆದವನೊಬ್ಬನು ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ನಾಡಿನ ಯುದ್ಧದ ನಡುವೆ ಬಾಳಿದ್ದನು. ಆತನು ಅರಸನಲ್ಲ, ಸೇನಾನಿಯಲ್ಲ, ಪಂಡಿತನೂ ಅಲ್ಲ. ಎತ್ತುಗಳನ್ನು ಹೊಡೆದು ಹೊಟ್ಟೆ ಹೊರೆಯುತ್ತಿದ್ದ ಬಡವನು. ಆದರೂ ಲೋಕದ ಶಸ್ತ್ರವೈದ್ಯರೆಲ್ಲರೂ ಆತನ ಹೆಸರನ್ನು ಬಲ್ಲರು. ಆತನೇ ಕಾವಸಜಿ.

ಕಾವಸಜಿಯು ಮರಾಠಿ ಒಕ್ಕಲು ಮನೆತನದವನು. ಮೂರನೆಯ ಮೈಸೂರು ಯುದ್ಧದಲ್ಲಿ ಆತನು ಇಂಗ್ಲಿಷ್ ಕಂಪನಿಯ ಸೈನ್ಯದೊಡನೆ ಎತ್ತು ಹೊಡೆಯುವ ಕೆಲಸಕ್ಕೆ ಸೇರಿದ್ದನು. 1790ರಿಂದ 1792ರವರೆಗೆ ನಡೆದ ಆ ಯುದ್ಧದಲ್ಲಿ ಇಂಗ್ಲಿಷರು, ಮರಾಠರು ಮತ್ತು ಹೈದರಾಬಾದಿನ ನಿಜಾಮನು ಒಂದಾಗಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿದ್ದರು. ಇಂದಿನ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿಗಳ ಸೀಮೆಯೆಲ್ಲ ಆಗ ನಿಜಾಮನ ಆಳ್ವಿಕೆಗೆ ಸೇರಿತ್ತು.

ಅಂದಿನ ಯುದ್ಧಗಳು ಎತ್ತುಗಳ ಬಲದ ಮೇಲೆ ನಿಂತಿದ್ದವು. ತೋಪುಗಳನ್ನು ಎಳೆಯಲು, ಅಕ್ಕಿ ಮದ್ದುಗುಂಡುಗಳನ್ನು ಸಾಗಿಸಲು ಎತ್ತುಗಳೇ ಬೇಕು. ಲಂಬಾಣಿಗರ ಪೂರ್ವಿಕರು ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ಸೈನ್ಯಗಳಿಗೆ ಒದಗಿಸುತ್ತಿದ್ದರು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದ ಕಾರ್ನ್‌ವಾಲಿಸನ ಸೈನ್ಯವು ಮೇವಿಲ್ಲದೆ ಎತ್ತುಗಳು ಸತ್ತುದರಿಂದ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಆದುದರಿಂದ ಶತ್ರುವಿನ ಎತ್ತುಗಳನ್ನು ಹೊಡೆಯುವವನೂ ಶತ್ರುವೆಂದೇ ಎಣಿಕೆಯಾಗುತ್ತಿದ್ದನು.

ಕಾವಸಜಿಯು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿದನು. ಅಲ್ಲಿ ಆತನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಇಂತಹ ಅಂಗಚ್ಛೇದದ ಶಿಕ್ಷೆ ಆ ಕಾಲದಲ್ಲಿ ಒಂದೇ ರಾಜ್ಯದಲ್ಲಿ ಇದ್ದುದಲ್ಲ. ಹಲವು ಅರಸರು ಇದನ್ನು ವಿಧಿಸುತ್ತಿದ್ದರು. ಅದೇ ಸ್ಥಿತಿಯಲ್ಲಿ ಆತನು ಶ್ರೀರಂಗಪಟ್ಟಣದ ಬಳಿ ಇದ್ದ ಮುಂಬಯಿ ಸೈನ್ಯವನ್ನು ಬಂದು ಸೇರಿದನು. 1792ರ ಮಾರ್ಚ್ ತಿಂಗಳಲ್ಲಿ ಒಪ್ಪಂದವಾಯಿತು. ಟಿಪ್ಪುವಿನ ರಾಜ್ಯದ ಅರ್ಧಭಾಗವನ್ನು ಗೆದ್ದವರು ಹಂಚಿಕೊಂಡರು. ಕಾವಸಜಿಗೆ ಕಂಪನಿಯಿಂದ ದೊರೆತುದು ನಿವೃತ್ತಿವೇತನ. ಒಂದು ವರ್ಷಕ್ಕೂ ಮೇಲ್ಪಟ್ಟು ಆತನು ಮೂಗಿಲ್ಲದೆಯೇ ಬಾಳಿದನು. ದುಡಿಯಲು ಒಂದೇ ಕೈ. ಜನರ ಎದುರು ಎತ್ತಲಾಗದ ಮುಖ.

ಕೊನೆಗೆ ಪುಣೆಯ ಸಮೀಪದಲ್ಲಿ ಆತನಿಗೆ ನೆರವು ದೊರೆಯಿತು. ಅದನ್ನು ನೀಡಿದವನು ಹೆಸರಾಂತ ವೈದ್ಯನಲ್ಲ. ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ. ಕಂಪನಿಯ ವೈದ್ಯರಾದ ಕ್ರೂಸೊ ಮತ್ತು ಫಿಂಡ್ಲೆ ಎಂಬವರು ಆತನ ಕೆಲಸವನ್ನು ಹತ್ತಿರ ನಿಂತು ನೋಡಿದರು. ಆ ಕುಶಲಿಯು ಮೊದಲು ಮೇಣದ ತೆಳುವಾದ ಹಾಳೆಯಿಂದ ಕಾವಸಜಿಯ ಮುಖಕ್ಕೆ ಹೊಂದುವ ಮೂಗೊಂದನ್ನು ಮಾಡಿದನು. ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದನು. ಗೆರೆಯಗುಂಟ ಚರ್ಮವನ್ನು ಬಿಡಿಸಿದನು; ಆದರೆ ಎರಡು ಕಣ್ಣುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿದನು. ಹಳೆಯ ಗಾಯದ ಅಂಚನ್ನು ಹೊಸದಾಗಿ ಕೊಯ್ದು, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಅಂಚಿಗೆ ಅಂಚನ್ನು ಕೂಡಿಸಿದನು. ನಾವು ಎಲೆಯಡಿಕೆಗೆ ಬಳಸುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಸವರಿ ಮೇಲೆ ಹಚ್ಚಿದನು. ನಾಲ್ಕು ದಿನಗಳ ಬಳಿಕ ತುಪ್ಪದಲ್ಲಿ ಅದ್ದಿದ ಬಟ್ಟೆ. ರೋಗಿಯು ಐದಾರು ದಿನ ಅಂಗಾತ ಮಲಗಿರಬೇಕಾಗಿತ್ತು. ಹತ್ತನೆಯ ದಿನ ಮೂಗಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ತುಣುಕುಗಳನ್ನು ಇಟ್ಟನು. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದನು.

ಆ ಪಟ್ಟಿಯಲ್ಲಿಯೇ ಈ ವಿದ್ಯೆಯ ಗುಟ್ಟು ಅಡಗಿದೆ. ದೇಹದಿಂದ ಪೂರ್ತಿಯಾಗಿ ಬೇರ್ಪಟ್ಟ ದಪ್ಪ ಚರ್ಮವು ರಕ್ತವಿಲ್ಲದೆ ಸತ್ತುಹೋಗಬಹುದು. ಪಟ್ಟಿಯ ಮೂಲಕ ಹರಿಯುವ ರಕ್ತವು ಅದನ್ನು ಬದುಕಿಸುತ್ತದೆ. ಹೊಸ ಜಾಗದಲ್ಲಿ ರಕ್ತನಾಳಗಳು ಕೂಡಿಕೊಂಡ ಮೇಲೆ ಪಟ್ಟಿಯು ಬೇಕಿಲ್ಲ. ಅರಿವಳಿಕೆಯ ಮದ್ದು ಬಳಕೆಗೆ ಬಂದುದು 1846ರಲ್ಲಿ. ಅದಕ್ಕೆ ಅರ್ಧಶತಮಾನಕ್ಕೂ ಮೊದಲು ಕಾವಸಜಿಯು ಈ ಕೊಯ್ತವನ್ನು ಸಹಿಸಿದನೆಂದರೆ, ಮುಖವನ್ನು ಮರಳಿ ಪಡೆಯುವ ಹಂಬಲವು ಆತನಲ್ಲಿ ಎಷ್ಟಿದ್ದಿರಬೇಕು!

ಈ ವಿದ್ಯೆಯು ಹೊಸದಾಗಿರಲಿಲ್ಲ. ಗಲ್ಲದ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆಯು ಬಹು ಹಿಂದೆಯೇ ವಿವರಿಸಿದೆ. ಎಲೆಯಿಂದ ಅಳತೆ ತೆಗೆಯುವುದನ್ನೂ, ಉಸಿರಾಟಕ್ಕೆ ಕೊಳವೆಗಳನ್ನು ಇಡುವುದನ್ನೂ ಅದು ಹೇಳುತ್ತದೆ. ಕಾಲಾನಂತರದಲ್ಲಿ ಗಲ್ಲದ ಬದಲು ಹಣೆಯ ಚರ್ಮವು ಬಳಕೆಗೆ ಬಂದಿತು. ಕಾವಸಜಿಯ ಕಾಲಕ್ಕೆ ಆ ವಿದ್ಯೆಯು ಮಣ್ಣಿನ ಕೆಲಸದವರ ಕೈಯಲ್ಲಿ ಜೀವಂತವಾಗಿತ್ತು.

1794ರಲ್ಲಿ ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರನು ಹೊಸ ಮೂಗಿನ ಕಾವಸಜಿಯ ಚಿತ್ರವನ್ನು ಬರೆದನು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ ಪತ್ರಿಕೆಯಲ್ಲಿ ಚಿತ್ರಸಮೇತ ಈ ವೃತ್ತಾಂತವು ಪ್ರಕಟವಾಯಿತು. ಯುರೋಪಿನಲ್ಲಿ ಇಟಲಿಯ ತಾಲ್ಯಕೊಜ್ಜಿಯು ತೋಳಿನ ಚರ್ಮದಿಂದ ಮೂಗು ಮಾಡುವ ವಿಧಾನವನ್ನು 1597ರಲ್ಲಿಯೇ ಬರೆದಿದ್ದರೂ ಅದು ಮರೆತುಹೋಗಿತ್ತು. ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ಶಸ್ತ್ರವೈದ್ಯನು ಭಾರತದ ಕ್ರಮವನ್ನು ಅಭ್ಯಾಸ ಮಾಡಿ, ಶವಗಳ ಮೇಲೆ ಪ್ರಯೋಗಿಸಿ ನೋಡಿ, 1814ರ ಅಕ್ಟೋಬರ್ 23ರಂದು ಒಬ್ಬ ಸೈನ್ಯಾಧಿಕಾರಿಗೆ ಮೂಗನ್ನು ಮಾಡಿಕೊಟ್ಟನು. 1816ರಲ್ಲಿ ಆತನ ಗ್ರಂಥವು ಹೊರಬಂದ ಮೇಲೆ ಈ ವಿದ್ಯೆಯು ಯುರೋಪಿನಲ್ಲೆಲ್ಲ ಹಬ್ಬಿತು.

ಇಂದಿಗೂ ಅರ್ಬುದ ರೋಗದಿಂದಲೋ ಅಪಘಾತದಿಂದಲೋ ಮೂಗನ್ನು ಕಳೆದುಕೊಂಡವರಿಗೆ ಹಣೆಯ ಚರ್ಮದಿಂದಲೇ ಮೂಗನ್ನು ಕಟ್ಟುತ್ತಾರೆ. ಮೂಗಿನ ಒಳಗೋಡೆಯು ಸೊಟ್ಟಗಿದ್ದು ಉಸಿರಾಟಕ್ಕೆ ತೊಡಕಾದರೆ ಅದನ್ನು ಸರಿಪಡಿಸುತ್ತಾರೆ. ಕೇವಲ ಅಂದಕ್ಕಾಗಿ ಮೂಗನ್ನು ತಿದ್ದಿಸಿಕೊಳ್ಳುವವರೂ ಉಂಟು. ಆದರೆ ಹರೆಯದಲ್ಲಿ ಮೂಗು ಇನ್ನೂ ಬೆಳೆಯುತ್ತಿರುತ್ತದೆ. ಬೆಳವಣಿಗೆ ಮುಗಿಯುವವರೆಗೆ ಕಾಯಬೇಕೆಂದು ವೈದ್ಯರು ಹೇಳುತ್ತಾರೆ. ಶಸ್ತ್ರಚಿಕಿತ್ಸೆಯ ಬಾವು ಪೂರ್ತಿ ಇಳಿಯಲು ಒಂದು ವರ್ಷವೂ ಹಿಡಿಯಬಹುದು. ಕೆಲವರಿಗೆ ಎರಡನೆಯ ಬಾರಿ ಕೊಯ್ಯಬೇಕಾಗುವುದೂ ಉಂಟು. ಸಹಪಾಠಿಯ ಒಂದು ಅಣಕದ ಮಾತಿಗೆ ನೊಂದು ದೇವರು ಕೊಟ್ಟ ಮೂಗನ್ನು ಹಳಿಯಬಾರದು. ಅಂತಹ ಅಣಕದ ಮಾತನ್ನು ನಾವೂ ಆಡಬಾರದು.

ಕಾವಸಜಿಯ ಚಿತ್ರವು ಉಳಿದಿದೆ. ನೋಡಿ ನಿಂತ ವೈದ್ಯರ ಹೆಸರುಗಳು ಉಳಿದಿವೆ. ಮೂಗನ್ನು ಕಟ್ಟಿಕೊಟ್ಟ ಕುಶಲಿಯ ಹೆಸರನ್ನು ಮಾತ್ರ ಆ ಪತ್ರಿಕೆಯು ಬರೆಯಲಿಲ್ಲ. ಒಬ್ಬ ಮನುಷ್ಯನ ಮಾನವನ್ನು ಕಳೆಯಲು ಒಂದು ಕ್ಷಣ ಸಾಕಾಯಿತು. ಅದನ್ನು ಮರಳಿ ಕೊಡಲು ಶತಮಾನಗಳ ವಿದ್ಯೆಯೂ ಒಬ್ಬ ಬಡ ಕಸುಬುದಾರನ ತಾಳ್ಮೆಯೂ ಬೇಕಾದವು. ಕೊಯ್ದ ಕೈಗಿಂತ ಕೂಡಿಸಿದ ಕೈಯೇ ದೊಡ್ಡದು.